ಆಶಾ ಅಕ್ಕಂದಿರಿಗೆ ಟಿಬಿ ತರಬೇತಿ: ಎರಡು ದಿನ ಸಿಕ್ಕಿದೆ, ಏನು ಹೇಳಿಕೊಡೋಣ?

ಲಗ್ಗೆರೆ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯ ಕಡೆಯ ಒಂದು ನಗರ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಮುಂದಿನ ತಿಂಗಳು ನಮ್ಮ ಭಾಗದ ಇಪ್ಪತ್ತೆರಡು ಆಶಾ ಕಾರ್ಯಕರ್ತೆಯರಿಗೆ ಎರಡು ದಿನದ ಟಿಬಿ ತರಬೇತಿ ಇದೆ. ನಡೆಸುವ ಕೆಲಸ ನನ್ನದು. ಹೋದ ಸಲವೂ ನಾನೇ ನಡೆಸಿದ್ದೆ. ಅದು ಸರಿ ಬರಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ಸಲ ಅರವತ್ತು ಸ್ಲೈಡ್ ತೋರಿಸಿದ್ದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಟಿಬಿ ರೋಗಾಣುವಿನ ವಿಷಯ ಹೇಳಿದ್ದರಿಂದ ಹಿಡಿದು ನಾಲ್ಕು ಔಷಧಿಗಳ ಹೆಸರು, ತುಂಬಬೇಕಾದ ಫಾರಂಗಳವರೆಗೆ ಎಲ್ಲ ಇತ್ತು. ಅಕ್ಕಂದಿರು ನೀಟಾಗಿ ಬರೆದುಕೊಂಡರು. ಕೊನೆಗೆ ಟೆಸ್ಟ್ ಇಟ್ಟೆ, ಎಲ್ಲರಿಗೂ ಒಳ್ಳೆ ಅಂಕ ಬಂತು. ಆಮೇಲೆ ಊಟ ಮುಗಿಸಿ ನಲ್ಲಿ ಹತ್ತಿರ ಕೈ ತೊಳೆಯುವಾಗ ಒಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಸಿಸ್ಟರ್, ಓನರ್‌ಗೆ ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾರೆ, ನೀವು ನಮ್ಮ ಮನೆಗೆ ಬರಲೇಬೇಡಿ ಅಂತ ಪೇಷೆಂಟ್ ಹೇಳಿದರೆ ನಾನೇನು ಮಾಡಲಿ?" ಅರವತ್ತು ಸ್ಲೈಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಈ ಸಲ ಹಾಗಾಗಬಾರದು. ಆಶಾ ಆಗಿರುವವರು, ಟಿಬಿ ಬಂದು ವಾಸಿಯಾದವರು, ಮನೆಯಲ್ಲಿ ಯಾರಿಗಾದರೂ ಬಂದಿದ್ದವರು, ಲ್ಯಾಬ್‌ನವರು, ದಯವಿಟ್ಟು ಹೇಳಿ. ಆ ಅಕ್ಕ ಬಾಗಿಲಲ್ಲಿ ನಿಂತಾಗ ಅವರಿಗೆ ನಿಜವಾಗಿ ಏನು ಬೇಕಾಗುತ್ತದೆ?

ಗುಲಾಬಿ ಸೀರೆ

ಸಿಸ್ಟರ್, ನಾನು ಹನ್ನೊಂದು ವರ್ಷದಿಂದ ಆಶಾ. ಮೊದಲು ಆ ಓನರ್ ಪ್ರಶ್ನೆಗೆ ಬರುತ್ತೇನೆ.

ನಮ್ಮ ಗುಲಾಬಿ ಸೀರೆ ನೋಡಿದ ತಕ್ಷಣ ವಠಾರದವರಿಗೆಲ್ಲ ಗೊತ್ತಾಗುತ್ತದೆ. ಬಸುರಿ ಇಲ್ಲ, ಬಾಣಂತಿ ಇಲ್ಲ, ಕೂಸೂ ಇಲ್ಲ, ಮತ್ತೆ ಆಶಾ ಆ ಮನೆಗೆ ವಾರ ವಾರ ಯಾಕೆ ಹೋಗುತ್ತಾಳೆ ಅಂತ ನೀರು ಹಿಡಿಯುವ ಹೊತ್ತಿಗೆ ಮಾತು ಶುರುವಾಗುತ್ತದೆ. ನಾನು ಈಗ ಏನು ಮಾಡುತ್ತೇನೆ ಅಂದರೆ, ಆ ಸಾಲಿನ ಎಲ್ಲ ಮನೆಗೂ ಹೋಗುತ್ತೇನೆ. ಒಂದು ಮನೆಯಲ್ಲಿ ಬಿಪಿ ಮಾತ್ರೆ ವಿಚಾರಿಸುತ್ತೇನೆ, ಇನ್ನೊಂದರಲ್ಲಿ ಮಗುವಿನ ಲಸಿಕೆ ಕಾರ್ಡ್ ನೋಡುತ್ತೇನೆ, ನಡುವೆ ಟಿಬಿ ಇರುವ ಮನೆಗೂ ಐದು ನಿಮಿಷ. ಕೆಲವರನ್ನು ರೇಷನ್ ಅಂಗಡಿ ಹತ್ತಿರವೋ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಬಸ್‌ಸ್ಟಾಪಿನಲ್ಲೋ ಮಾತಾಡಿಸುತ್ತೇನೆ. ಎಲ್ಲಿ ಸಿಗಲಿ ಅಂತ ಅವರನ್ನೇ ಮೊದಲು ಕೇಳಬೇಕು. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಒಂದು ಹುಡುಗಿ ನನ್ನಿಂದಾಗಿ ಮನೆ ಕಳೆದುಕೊಂಡ ಮೇಲೆ ಕಲಿತೆ. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಹೊಟ್ಟೆ ಕಿವುಚುತ್ತದೆ.

ಇನ್ನೊಂದು, ಮೂತ್ರದ ಬಣ್ಣ. ಮಾತ್ರೆ ಶುರು ಮಾಡಿದ ಮೊದಲ ದಿನವೇ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ರಕ್ತ ಹೋಗುತ್ತಿದೆ ಅಂತ ಹೆದರಿ ಎರಡನೇ ದಿನಕ್ಕೇ ನಿಲ್ಲಿಸಿದವರನ್ನು ನೋಡಿದ್ದೇನೆ. ಅದು ಟಿಬಿ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಬಣ್ಣ, ಏನೂ ತೊಂದರೆ ಇಲ್ಲ ಅಂತ ಮೊದಲೇ ಹೇಳಿದ್ದರೆ ಮುಗಿಯುತ್ತಿತ್ತು. ಆಮೇಲೆ ಹೇಳಿದರೆ ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಲಗ್ಗೆರೆ ಸಿಸ್ಟರ್

ಅಕ್ಕ, ಬಣ್ಣದ ವಿಷಯ ನನ್ನ ಸ್ಲೈಡಿನಲ್ಲೂ ಇತ್ತು. ನಲವತ್ತೇಳನೇ ಸ್ಲೈಡೋ ಏನೋ, 'ಸಾಮಾನ್ಯ ಅಡ್ಡಪರಿಣಾಮಗಳು' ಅನ್ನುವ ಪಟ್ಟಿಯಲ್ಲಿ ಆರನೇ ಸಾಲು. ಅದನ್ನು ಮೊದಲ ದಿನವೇ ಹೇಳಬೇಕು ಅನ್ನುವುದನ್ನು ನಾನು ಹೇಳಿರಲಿಲ್ಲ. ಸಾಲಿನ ಎಲ್ಲ ಮನೆಗೂ ಹೋಗುವ ಉಪಾಯವನ್ನು ನೀವೇ ಬಂದು ಹೇಳುತ್ತೀರಾ?

ವೆಲ್ಡರ್ ರಾಜಗೋಪಾಲನಗರ

ನನಗೆ ಟಿಬಿ ಬಂದು ವಾಸಿಯಾಗಿ ಮೂರು ವರ್ಷ. ಅರ್ಧಕ್ಕೆ ಬಿಟ್ಟವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಆರು ತಿಂಗಳು ಮಾತ್ರೆ ಅಂದಿದ್ದರು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ. ಮೂರೇ ವಾರಕ್ಕೆ ಕೆಮ್ಮು ನಿಂತಿತು, ರಾತ್ರಿ ಬೆವರುವುದು ನಿಂತಿತು, ಹಸಿವು ಶುರುವಾಯಿತು. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮೂರನೇ ತಿಂಗಳಲ್ಲಿ ಬಿಟ್ಟೆ. ಯಾಕೆ ಅಂದರೆ ಬೆಳಿಗ್ಗೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಶೆಡ್‌ನಲ್ಲಿ ಬಿಸಿ, ತಲೆ ತಿರುಗಿದರೆ ಕೈ ಸುಟ್ಟುಕೊಳ್ಳುತ್ತೇನೆ ಅನ್ನುವ ಭಯ. ಇನ್ನೊಂದು ಕಾರಣ ಕುಡಿತ. ಕುಡಿದಾಗ ಮಾತ್ರೆ ತಗೊಂಡರೆ ಲಿವರ್ ಹೋಗುತ್ತದೆ ಅಂತ ಯಾರೋ ಹೆದರಿಸಿದ್ದರು. ನಾನು ಕುಡಿತ ಬಿಡುವ ಬದಲು ಮಾತ್ರೆ ಬಿಟ್ಟೆ.

ಆರೋಗ್ಯ ಕೇಂದ್ರದಿಂದ ಒಬ್ಬರು ಫೋನ್ ಮಾಡಿ ಬೈದರು. ನಾನು ನಂಬರ್ ಬ್ಲಾಕ್ ಮಾಡಿದೆ. ಆಮೇಲೆ ನಮ್ಮ ಬೀದಿಯ ಆಶಾ ಬಂದರು. ಸಂಜೆ ಏಳೂವರೆ ಆಗಿತ್ತು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಕಲ್ಲಿನ ಮೇಲೆ ಕೂತರು. ಯಾಕಪ್ಪ ಬಿಟ್ಟೆ ಅಂತ ಕೇಳಲಿಲ್ಲ. "ಊಟಕ್ಕೆ ಏನು ಮಾಡಿದ್ದೀರಿ?" ಅಂದರು. ನನ್ನ ಹೆಂಡತಿ ಮುದ್ದೆ ತೊಳಸುತ್ತಿದ್ದಳು, ಸೊಪ್ಪಿನ ಸಾರು. ಹತ್ತು ನಿಮಿಷ ಸಾರಿನ ವಿಷಯವೇ. ಆಮೇಲೆ "ಮಾತ್ರೆ ನುಂಗಿದರೆ ಹೇಗನಿಸುತ್ತಿತ್ತು?" ಅಂದರು. ನಾನು ಎಲ್ಲ ಹೇಳಿಬಿಟ್ಟೆ, ಕುಡಿತವನ್ನೂ. ಅವರು ಮಧ್ಯೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಅಂದರು, "ನಾಳೆ ಡಾಕ್ಟರ್ ಹತ್ತಿರ ನಾನೂ ಬರುತ್ತೇನೆ, ಕುಡಿಯುವ ವಿಷಯ ಅವರಿಗೆ ಹೇಳಲೇಬೇಕು, ಹೇಳಿದರೆ ಲಿವರ್ ಟೆಸ್ಟ್ ಮಾಡಿ ನೋಡುತ್ತಾರೆ. ಮಾತ್ರೆ ಊಟ ಆದಮೇಲೆ ತಗೊಳ್ಳಬಹುದಾ ಅಂತಲೂ ಅಲ್ಲೇ ಕೇಳೋಣ." ಮಾರನೇ ದಿನ ಹೋದೆವು. ರಾತ್ರಿ ಊಟದ ಮೇಲೆ ತಗೊಳ್ಳಲು ಡಾಕ್ಟರ್ ಒಪ್ಪಿದರು. ಕುಡಿತ ಆ ದಿನವೇ ನಿಲ್ಲಲಿಲ್ಲ, ಆದರೆ ಮಾತ್ರೆ ಮತ್ತೆ ನಿಲ್ಲಲಿಲ್ಲ.

ಅವರು ಹತ್ತು ನಿಮಿಷ ಸಾರಿನ ವಿಷಯ ಮಾತಾಡಿದ್ದು ಸುಮ್ನೆ ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಇದನ್ನು ಹೇಳಿಕೊಡಲು ಆಗುತ್ತದಾ ಸಿಸ್ಟರ್?

ಲ್ಯಾಬ್ ಕಿಟಕಿ

ವೆಲ್ಡರ್ ಅಣ್ಣ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾನು ಲ್ಯಾಬ್ ಟೆಕ್ನಿಷಿಯನ್. ನನ್ನ ಕೋರಿಕೆ ಒಂದೇ, ಕಫದ ಡಬ್ಬಿಗೆ ಪೂರ್ತಿ ಒಂದು ಗಂಟೆ ಕೊಡಿ. ನಮ್ಮ ಕಿಟಕಿಗೆ ಬರುವ ಡಬ್ಬಿಗಳಲ್ಲಿ ಎಷ್ಟೋ ಬರೀ ಎಂಜಲು, ನೊರೆ ನೊರೆ ಇರುತ್ತದೆ. ಟ್ರೂನಾಟ್ ಆಗಲಿ ಸಿಬಿನ್ಯಾಟ್ ಆಗಲಿ, ಎಂಥ ಮಷೀನ್ ಇದ್ದರೂ ಎಂಜಲು ಹಾಕಿದರೆ ಅದು ಏನನ್ನು ಹಿಡಿಯಬೇಕು? ರೋಗ ಇದ್ದವರಿಗೂ ಇಲ್ಲ ಅಂತ ರಿಪೋರ್ಟ್ ಹೋಗುತ್ತದೆ. ಅವರು ಸಿರಪ್ ಕುಡಿದುಕೊಂಡು ಇನ್ನೂ ಎರಡು ತಿಂಗಳು ಮನೆಯವರ ನಡುವೆ ಕೆಮ್ಮುತ್ತಾರೆ.

ಹೇಗೆ ಹೇಳಿಕೊಡಬೇಕು ಅಂದರೆ, ಡಬ್ಬಿಯನ್ನು ಕೈಗೆ ಕೊಟ್ಟು ಮಾಡಿಸಬೇಕು. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಎರಡು ಮೂರು ಸಲ ಉಸಿರನ್ನು ಆಳವಾಗಿ ಎಳೆದು ಬಿಡಿ. ಆಮೇಲೆ ಗಂಟಲಿನಿಂದಲ್ಲ, ಎದೆಯಿಂದ ಕೆಮ್ಮಿ. ಮನೆ ಒಳಗೆ ಬೇಡ, ಬಚ್ಚಲಿನಲ್ಲಿ ಅಂತೂ ಬೇಡವೇ ಬೇಡ, ತೆರೆದ ಜಾಗದಲ್ಲಿ, ಎದುರಿಗೆ ಯಾರೂ ಇರಬಾರದು. ಒಂದು ಸ್ಯಾಂಪಲ್ ಬಂದ ದಿನವೇ, ಇನ್ನೊಂದು ಬೆಳಿಗ್ಗೆ ಎದ್ದ ತಕ್ಷಣದ್ದು. ಹೆಸರನ್ನು ಡಬ್ಬಿಯ ಮೈ ಮೇಲೆ ಬರೆಯಬೇಕು. ಮುಚ್ಚಳದ ಮೇಲೆ ಬರೆದರೆ ಇಲ್ಲಿ ನಾವು ನಾಲ್ಕು ಡಬ್ಬಿ ಒಟ್ಟಿಗೆ ತೆರೆದಾಗ ಯಾರ ಮುಚ್ಚಳ ಯಾರದ್ದು ಅಂತ ಆಗಿಬಿಡಬಹುದು. ಹೆಂಗಸರು ಇನ್ನೊಬ್ಬರ ಮುಂದೆ ಕ್ಯಾಕರಿಸಲು ನಾಚುತ್ತಾರೆ, ಬಾಯಲ್ಲಿದ್ದುದನ್ನು ಉಗಿದು ಕೊಟ್ಟುಬಿಡುತ್ತಾರೆ. ಆಶಾ ಅಕ್ಕ ತಾನೇ ಉಸಿರೆಳೆದು ಕೆಮ್ಮಿ ತೋರಿಸಿದರೆ ಅವರೂ ಮಾಡುತ್ತಾರೆ. ನಾಚಿಕೆ ಬಿಡಬೇಕಾದವರು ಮೊದಲು ನಾವು, ಅಲ್ವಾ.

ಜಯನಗರ 4ನೇ ಬ್ಲಾಕ್

ಎಲ್ಲ ಸರಿ. ಆದರೆ ಮೂಲ ಸಮಸ್ಯೆ ಜನರಿಗೆ ಅರಿವಿಲ್ಲದಿರುವುದು. ತಿಂಗಳುಗಟ್ಟಲೆ ಕೆಮ್ಮಿದರೂ ಆಸ್ಪತ್ರೆಗೆ ಹೋಗುವುದಿಲ್ಲ. ಮೊದಲು ಅರಿವು ಮೂಡಿಸಿ, ಪೋಸ್ಟರ್ ಹಾಕಿ, ಬೀದಿನಾಟಕ ಆಡಿಸಿ.

ಬಳ್ಳಾರಿ ರಸ್ತೆ ತಾತ

ಜಯನಗರದವರೇ, ಈ ಮಾತಿಗೆ ನಮ್ಮ ನೆಲದಲ್ಲೇ ಅರವತ್ತು ವರ್ಷದ ಹಿಂದೆ ಉತ್ತರ ಸಿಕ್ಕಿದೆ. ನಾನು ಟಿಬಿ ಹೆಲ್ತ್ ವಿಸಿಟರ್ ಆಗಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡದ್ದೂ ಅಲ್ಲೇ. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಟಿಬಿ ಇದ್ದವರಿಗೆ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತಾ, ಗೊತ್ತಿದ್ದರೆ ಏನು ಮಾಡಿದರು ಅಂತ ವಿಚಾರಿಸಿದರು. 1963ರಲ್ಲಿ ಅದು ಅಚ್ಚಾಯಿತು. ಹೆಚ್ಚುಕಮ್ಮಿ ಎಲ್ಲರಿಗೂ ಲಕ್ಷಣ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಜನ ಬಂದಿದ್ದರು, ಕೇಳಿಸಿಕೊಳ್ಳುವವರು ಇರಲಿಲ್ಲ.

ಇನ್ನೊಂದು ಕತೆ ಮದರಾಸಿನದು. 1956ರಲ್ಲಿ ಅಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ ಹಾಸಿಗೆ, ಹಾಲು, ಮೊಟ್ಟೆ, ವಿಶ್ರಾಂತಿ. ಇನ್ನೊಂದು ಗುಂಪಿಗೆ ಇಕ್ಕಟ್ಟಿನ ಮನೆಯಲ್ಲೇ ಇದ್ದುಕೊಂಡು ಅದೇ ಮಾತ್ರೆ. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮ ಸಮ ವಾಸಿಯಾದವು. ಮನೆಯವರಿಗೆ ಸೋಂಕು ತಗುಲುವುದೂ ಮನೆಯಲ್ಲಿ ಚಿಕಿತ್ಸೆ ಪಡೆದದ್ದರಿಂದ ಹೆಚ್ಚಲಿಲ್ಲ. ಟಿಬಿ ಬಂದರೆ ಊರ ಹೊರಗಿನ ಆಸ್ಪತ್ರೆಯಲ್ಲೇ ಇಡಬೇಕು ಅನ್ನುವ ನಂಬಿಕೆ ಅಲ್ಲಿಗೆ ಮುರಿಯಿತು. ಆದರೆ ಮನೆಯಲ್ಲೇ ಚಿಕಿತ್ಸೆ ಅಂದ ಮೇಲೆ ಮನೆ ಬಾಗಿಲಿಗೆ ಹೋಗುವವರು ಬೇಕಲ್ಲ. ಮೊದಲು ನಾವು ಹೋಗುತ್ತಿದ್ದೆವು, ಈಗ ಆಶಾ ಹೋಗುತ್ತಾಳೆ. ಆಕೆಗೆ ನಾವು ಕಲಿಸಬೇಕಾದದ್ದು ಕೇಳಿಸಿಕೊಳ್ಳುವುದನ್ನು. ವೆಲ್ಡರ್ ಮನೆಯ ಕಲ್ಲಿನ ಮೇಲೆ ಕೂತ ಆ ತಾಯಿ ಮಾಡಿದ್ದೂ ಅದನ್ನೇ.

ಜಯನಗರ 4ನೇ ಬ್ಲಾಕ್

ತಾತ, ತುಮಕೂರಿನ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮಾತು ಹಿಂದೆ ತಗೊಂಡೆ. ಆದರೂ ಈಗಲೂ ಬಹಳ ಜನ ತಾವಾಗಿ ಬರುವುದಿಲ್ಲ ಅನ್ನುವುದು ನಿಜ ಅಲ್ವಾ?

ಬಳ್ಳಾರಿ ರಸ್ತೆ ತಾತ

ನಿಜ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣ ಇದ್ದವರಲ್ಲಿ ಶೇ 64 ಜನ ಎಲ್ಲೂ ತೋರಿಸಿಕೊಂಡಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ಇನ್ನೊಂದೂ ಗೊತ್ತಾಯಿತು. ಎದೆಯ ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿದ್ದರೆ ಶೇ 42.6ರಷ್ಟು ಟಿಬಿ ಕೈತಪ್ಪಿ ಹೋಗುತ್ತಿತ್ತು. ಹಾಗಾಗಿ "ಎರಡು ವಾರ ಕೆಮ್ಮು ಇದೆಯಾ?" ಅಂತ ಕೇಳಿ ಇಲ್ಲ ಅಂದ ತಕ್ಷಣ ಮುಂದಿನ ಮನೆಗೆ ಹೋಗಬೇಡಿ. ಮನೆಯಲ್ಲಿ ಒಬ್ಬರಿಗೆ ಟಿಬಿ ಇದ್ದರೆ ಉಳಿದವರಿಗೆ ಕೆಮ್ಮು ಇಲ್ಲದಿದ್ದರೂ ಎಕ್ಸ್‌ರೇಗೆ ಕಳಿಸಿ.

ಅಮ್ಮನ ಮಗಳು

ನಮ್ಮ ಅಮ್ಮನಿಗೆ ಬಂದಿತ್ತು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಆಗ ಎರಡು ವರ್ಷದ ಮಗು ಇಟ್ಟುಕೊಂಡು ತವರಿನಲ್ಲೇ ಇದ್ದೆ. ಎರಡು ವಿಷಯ ಹೇಳುತ್ತೇನೆ, ಎರಡರಲ್ಲೂ ನಮ್ಮ ಆಶಾಗೆ ಉತ್ತರ ಗೊತ್ತಿರಲಿಲ್ಲ. ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲನೆಯದು, ನನ್ನ ಮಗುವಿಗೂ ಮಾತ್ರೆ ಕೊಡಬೇಕು ಅಂದರು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆಟ ಆಡಿಕೊಂಡಿದೆ, ಮತ್ತೆ ಯಾಕೆ ಮಾತ್ರೆ? ಆಶಾ "ಮೇಲಿನಿಂದ ಹೇಳಿದ್ದಾರೆ" ಅಂದರು. ಮೇಲಿನಿಂದ ಹೇಳಿದರು ಅಂತ ಯಾವ ತಾಯಿ ಮಗುವಿಗೆ ಮಾತ್ರೆ ಕೊಡುತ್ತಾಳೆ? ಕೊನೆಗೆ ಒಬ್ಬ ಡಾಕ್ಟರ್ ಹೇಳಿದರು: ರೋಗಾಣು ಮೈಯಲ್ಲಿ ಸುಮ್ಮನೆ ಮಲಗಿರಬಹುದು, ಚಿಕ್ಕ ಮಕ್ಕಳಲ್ಲಿ ಅದು ಬೇಗ ಏಳುತ್ತದೆ, ಏಳುವ ಮೊದಲೇ ಕೊಲ್ಲಲು ಈ ಮಾತ್ರೆ. ಒಂದು ನಿಮಿಷದ ಮಾತು. ಆ ಒಂದು ನಿಮಿಷ ನಮಗೆ ಮೊದಲೇ ಸಿಗಲಿಲ್ಲ.

ಎರಡನೆಯದು ಹೇಳಲು ಸ್ವಲ್ಪ ಸಂಕೋಚ. ನನ್ನ ಓರಗಿತ್ತಿಗೆ ಆಮೇಲೆ ಟಿಬಿ ಬಂತು. ಆಶಾ ಕೊಡುತ್ತಿದ್ದ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದಳು. ಚಿಕಿತ್ಸೆ ನಡುವೆ ಬಸುರಿಯಾದಳು. ರಿಫಾಂಪಿಸಿನ್ ಆ ಮಾತ್ರೆಯ ಶಕ್ತಿಯನ್ನು ಕಡಿಮೆ ಮಾಡುತ್ತದೆ ಅಂತ ಆಮೇಲೆ ತಿಳಿಯಿತು. ಎರಡೂ ಮಾತ್ರೆ ಒಂದೇ ಆಶಾ ಕೈಯಿಂದ ಬರುತ್ತಿತ್ತು!

ಗುಲಾಬಿ ಸೀರೆ

ಅಮ್ಮಾ, ಇದನ್ನು ಓದಿ ನನಗೆ ನಡುಕ ಬಂತು. ಹನ್ನೊಂದು ವರ್ಷದಲ್ಲಿ ಇದನ್ನು ನನಗೂ ಯಾರೂ ಹೇಳಿಲ್ಲ. ನನ್ನ ಪಟ್ಟಿಯಲ್ಲಿ ಈಗ ಟಿಬಿ ಮಾತ್ರೆ ತಗೊಳ್ಳುವ ನಾಲ್ಕು ಹೆಂಗಸರಿದ್ದಾರೆ. ನಾಳೆ ಬೆಳಿಗ್ಗೆ ನಾಲ್ವರನ್ನೂ ಕೇಳುತ್ತೇನೆ.

ಲಗ್ಗೆರೆ ಸಿಸ್ಟರ್

ಅಕ್ಕ, ಯಾರಾದರೂ ಆ ಮಾತ್ರೆ ತಗೊಳ್ಳುತ್ತಿದ್ದರೆ ಟಿಬಿ ಮಾತ್ರೆ ನಿಲ್ಲಿಸಲು ಹೇಳಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಬನ್ನಿ. ಅಲ್ಲಿವರೆಗೆ ಕಾಂಡೋಮ್ ಬಳಸಲು ಹೇಳಿ. ಇದು ಮೊದಲ ದಿನದ ಬೆಳಿಗ್ಗೆಯೇ ಬರುತ್ತದೆ, ಗ್ಯಾರಂಟಿ.

ಫ್ರೀಡಂ ಪಾರ್ಕ್ ಗೆಳತಿ

ನಾನೂ ಆಶಾ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಸಿಸ್ಟರ್ ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ವರ್ಷ ಒಂದು ಹೊಸ ತರಬೇತಿ, ಪ್ರತಿ ತರಬೇತಿ ಜೊತೆ ಒಂದು ಹೊಸ ಕೆಲಸ. ಬಸುರಿಯರದ್ದು ನಾವೇ, ಲಸಿಕೆ ನಾವೇ, ಡೆಂಗಿ ಲಾರ್ವಾ ಸರ್ವೆ ನಾವೇ, ಬಿಪಿ ಶುಗರ್ ಪಟ್ಟಿ ನಾವೇ. ಒಬ್ಬ ಟಿಬಿ ರೋಗಿಯನ್ನು ಆರು ತಿಂಗಳು ನೋಡಿಕೊಂಡು ಚಿಕಿತ್ಸೆ ಮುಗಿಸಿದರೆ ನಮಗೆ 1000 ರೂಪಾಯಿ. ತಿಂಗಳಿಗೆ ಎಷ್ಟು ಬಿತ್ತು ಲೆಕ್ಕ ಹಾಕಿ. 2025ರ ಜನವರಿಯಲ್ಲಿ ಗೌರವಧನ ಜಾಸ್ತಿ ಮಾಡಿ ಅಂತ ಧರಣಿ ಕೂತು ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮಲಗಿದ್ದೇವೆ, ಸುಮ್ನೆ ಮಲಗಿರಲಿಲ್ಲ. ಹೇಗೆ ಕೇಳಿಸಿಕೊಳ್ಳಬೇಕು ಅಂತ ನಮಗೆ ಹೇಳಿಕೊಡುವವರು ನಮ್ಮ ಮಾತನ್ನೂ ಕೇಳಿಸಿಕೊಳ್ಳಬೇಕು.

ಇನ್ನೊಂದು ವಿಷಯ ಯಾರೂ ಬರೆದಿಲ್ಲ. ಟಿಬಿ ಇರುವವರ ಮನೆಗೆ ಹೋಗುವ ನಮಗೇ ಎಕ್ಸ್‌ರೇ ಯಾವಾಗ ತೆಗೆಸಿದ್ದಾರೆ? ಒಳ್ಳೆ ಮಾಸ್ಕ್ ಯಾರು ಕೊಟ್ಟಿದ್ದಾರೆ? ಹತ್ತಡಿ ಅಗಲದ ಶೀಟ್ ಮನೆ, ಕಿಟಕಿ ಇರುವುದಿಲ್ಲ, ಇನ್ನೂ ಮಾತ್ರೆ ಶುರುವಾಗದವರ ಎದುರು ಕೂತು ಫಾರಂ ತುಂಬುತ್ತೇವೆ.

ಲಗ್ಗೆರೆ ಸಿಸ್ಟರ್

ಬೇಜಾರು ಯಾಕೆ, ನೀವು ಹೇಳಿದ್ದು ಪೂರ್ತಿ ಸರಿ. ಗೌರವಧನ ಜಾಸ್ತಿ ಮಾಡುವ ಅಧಿಕಾರ ನನಗಿಲ್ಲ. ಅದು ತರಬೇತಿಯಿಂದ ಬಗೆಹರಿಯುವ ವಿಷಯವೂ ಅಲ್ಲ, ಆಗುತ್ತದೆ ಅಂತ ನಾನು ನಟಿಸುವುದಿಲ್ಲ. ನನ್ನ ಕೈಯಲ್ಲಿ ಇರುವುದು ಇಷ್ಟು. ತರಬೇತಿಯ ಎರಡನೇ ದಿನ ಇಪ್ಪತ್ತೆರಡು ಜನರಿಗೂ ನಮ್ಮಲ್ಲೇ ಎಕ್ಸ್‌ರೇ. ಮೆಡಿಕಲ್ ಆಫೀಸರ್ ಹತ್ತಿರ ಇವತ್ತು ಮಾತಾಡಿದೆ, ಒಪ್ಪಿದ್ದಾರೆ. ಎನ್95 ಮಾಸ್ಕ್ ಇಂಡೆಂಟ್ ಹಾಕಿದ್ದೇನೆ. ಹೊಸ ರೋಗಿಯ ಜೊತೆ ಮೊದಲ ಎರಡು ವಾರ ಮನೆ ಒಳಗೆ ಕೂರಬೇಡಿ, ಹೊರಗೆ ಗಾಳಿಯಲ್ಲಿ ಕೂತು ಮಾತಾಡಿ ಅಂತ ಹೇಳಿಕೊಡುತ್ತೇನೆ. ಮಾತ್ರೆ ಸರಿಯಾಗಿ ಕೆಲಸ ಮಾಡಿದರೆ ಅಷ್ಟು ಹೊತ್ತಿಗೆ ಹರಡುವ ಶಕ್ತಿ ಬಹಳ ಕಡಿಮೆಯಾಗಿರುತ್ತದೆ.

ಕರಾವಳಿ ಡಾಕ್ಟರ್

ಊಟದ ವಿಷಯ ಬಿಡಬೇಡಿ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2800 ರೋಗಿಗಳ ಮನೆಯವರನ್ನು, ಅಂದರೆ 10,345 ಜನರನ್ನು, ಸೇರಿಸಿ ಅಧ್ಯಯನ ಮಾಡಿದರು. ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟ ಕಡೆ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾಯಿತು.

ಆಶಾಗಳು ಮಾಡಬಹುದಾದ ಕೆಲಸ ಒಂದಿದೆ, ತಿಂಗಳಿಗೊಮ್ಮೆ ತೂಕ. ಮಾತ್ರೆಯ ಲೆಕ್ಕ ತೂಕದ ಮೇಲೆ ಇರುತ್ತದೆ. 35ರಿಂದ 49 ಕಿಲೋ ಇದ್ದರೆ ದಿನಕ್ಕೆ 3, 50ರಿಂದ 64 ಇದ್ದರೆ 4. ತೂಕ ಏರದಿದ್ದರೆ ಒಂದೋ ಮನೆಯಲ್ಲಿ ಊಟ ಇಲ್ಲ, ಅಥವಾ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ, ಅಥವಾ ಔಷಧಿಗೆ ರೋಗ ಬಗ್ಗುತ್ತಿಲ್ಲ. ಮೂರರಲ್ಲಿ ಯಾವುದಾದರೂ ತಕ್ಷಣ ನಮಗೆ ತಿಳಿಯಬೇಕು. ರೋಗಿಗೆ ಸರ್ಕಾರ ಕೊಡುವ ಪೋಷಣೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಎಷ್ಟೋ ಹೆಂಗಸರಿಗೆ ಸ್ವಂತ ಖಾತೆ ಇರುವುದಿಲ್ಲ, ಇದ್ದರೆ ಆಧಾರ್ ಜೋಡಿಸಿರುವುದಿಲ್ಲ. ಬ್ಯಾಂಕಿಗೆ ಜೊತೆಗೆ ಹೋಗುವುದೂ ಟಿಬಿ ಚಿಕಿತ್ಸೆಯೇ.

ಲಗ್ಗೆರೆ ಸಿಸ್ಟರ್

ಮೂರು ದಿನದಿಂದ ಎಲ್ಲ ಓದಿ ಹಳೆ ಸ್ಲೈಡುಗಳನ್ನು ತೆಗೆದುಹಾಕಿದೆ. ಈಗ ಹೀಗೆ ಅಂದುಕೊಂಡಿದ್ದೇನೆ.

ಮೊದಲ ದಿನ ಬೆಳಿಗ್ಗೆ ನಾನು ಮಾತಾಡುವುದಿಲ್ಲ. ರೋಗಿಗಳು ನಿಮ್ಮನ್ನು ಕೇಳಿದ, ಉತ್ತರ ಗೊತ್ತಿರದ ಒಂದೊಂದು ಪ್ರಶ್ನೆ ಚೀಟಿಯಲ್ಲಿ ಬರೆಯಿರಿ ಅನ್ನುತ್ತೇನೆ. ಹೆಸರು ಬೇಡ. ಇಡೀ ದಿನ ಆ ಚೀಟಿಗಳ ಮೇಲೆಯೇ. ಮಧ್ಯಾಹ್ನ ಡಬ್ಬಿ ಹಿಡಿದು ಲ್ಯಾಬ್‌ನವರ ಒಂದು ಗಂಟೆ, ಅಂಗಳದಲ್ಲಿ. ಎರಡನೇ ದಿನ ಇಬ್ಬಿಬ್ಬರು ಕೂತು ಒಬ್ಬರು ಆಶಾ, ಒಬ್ಬರು ಮಾತ್ರೆ ಬಿಟ್ಟವರು ಆಗಿ ಮಾತಾಡಬೇಕು. ಬೈಯುವ ಹಾಗಿಲ್ಲ, ಮೊದಲ ಐದು ನಿಮಿಷ ಮಾತ್ರೆ ಅನ್ನುವ ಪದವೇ ಬರಬಾರದು. ಯಾವುದು ಕಾಯಬಹುದು, ಯಾವುದು ಕಾಯಬಾರದು ಅನ್ನುವುದನ್ನು ಒಂದೇ ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತೇನೆ. ಮೂತ್ರ ಕೆಂಪು, ಹೆದರಬೇಡಿ. ಪಾದ ಜುಮ್ಮೆಂದರೆ ಈ ವಾರ ಡಾಕ್ಟರಿಗೆ ಹೇಳಿ. ಕಣ್ಣು ಹಳದಿ, ನಿಲ್ಲದ ವಾಂತಿ, ಕಣ್ಣು ಮಂಜು, ಕೆಂಪು ಹಸಿರು ಗುರುತು ಸಿಗದಿದ್ದರೆ ಇವತ್ತೇ ಬನ್ನಿ.

ಎರಡು ದಿನಕ್ಕೆ ಮುಗಿಯುವುದಿಲ್ಲ ಅನ್ನುವುದೂ ಗೊತ್ತಾಯಿತು. ಅದಕ್ಕೆ ಪ್ರತಿ ತಿಂಗಳ ಆಶಾ ಮೀಟಿಂಗ್‌ನಲ್ಲಿ ಅರ್ಧ ಗಂಟೆ ಚೀಟಿಗಳಿಗೇ ಇಡುತ್ತೇನೆ. ನಡುವೆ ಏನಾದರೂ ಆದರೆ ನನಗೆ ಫೋನ್ ಮಾಡಲಿ, ಡ್ಯೂಟಿ ಮುಗಿದಿದ್ದರೂ ಪರವಾಗಿಲ್ಲ.

ವೆಲ್ಡರ್ ಅಣ್ಣ, ಹೇಳಿಕೊಡಲು ಆಗುತ್ತದಾ ಅಂತ ಕೇಳಿದ್ದಿರಿ. ನನ್ನಿಂದ ಪೂರ್ತಿ ಆಗುವುದಿಲ್ಲ. ನೀವು ಬಂದರೆ ಆಗುತ್ತದೆ. ಎರಡನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ. ನಿಮ್ಮ ಹೆಸರು ಎಲ್ಲೂ ಬರೆಯುವುದಿಲ್ಲ, ಫೋಟೋ ತೆಗೆಯುವುದಿಲ್ಲ.

ವೆಲ್ಡರ್ ರಾಜಗೋಪಾಲನಗರ

ಮೇಸ್ತ್ರಿ ಹತ್ತಿರ ಅರ್ಧ ದಿನ ರಜೆ ಕೇಳಿದ್ದೇನೆ, ಕೊಡುತ್ತಾರೆ. ಒಂದೇ ಕೇಳಿಕೊಳ್ಳುವುದು ಸಿಸ್ಟರ್, ನನ್ನ ಹೆಂಡತಿಯನ್ನೂ ಕರೆದುಕೊಂಡು ಬರಲಾ? ಆ ದಿನ ಆಶಾ ಹೋದಮೇಲೆ ರಾತ್ರಿ ನನಗೆ ಮಾತ್ರೆ ಕೈಗೆ ಕೊಟ್ಟವಳು ಅವಳು. ಅವಳಿಗೆ ಹೇಳಲು ಬೇರೆಯೇ ಇದೆ.

ಲಗ್ಗೆರೆ ಸಿಸ್ಟರ್

ಖಂಡಿತ ಕರೆದುಕೊಂಡು ಬನ್ನಿ. ಊಟ ನಮ್ಮಲ್ಲೇ.

ಗುಲಾಬಿ ಸೀರೆ

ಸಿಸ್ಟರ್, ನಾಲ್ವರನ್ನೂ ಕೇಳಿದೆ. ಒಬ್ಬಳು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದಾಳೆ. ಗುರುವಾರ ಕರೆದುಕೊಂಡು ಬರುತ್ತಿದ್ದೇನೆ, ಡಾಕ್ಟರ್ ಇರುತ್ತಾರಾ?

ಲಗ್ಗೆರೆ ಸಿಸ್ಟರ್

ಇರುತ್ತಾರೆ ಅಕ್ಕ. ಒಂಬತ್ತೂವರೆಗೆ ಬನ್ನಿ, ಸೀದಾ ನನ್ನ ರೂಮಿಗೆ. ಕ್ಯೂ ನಿಲ್ಲುವುದು ಬೇಡ.